ಗಡಿಯೂರಿನ ಐದು ಲಕ್ಷ

2024ರ ಜುಲೈ 1ರಿಂದ ಮಹಾರಾಷ್ಟ್ರದ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ರಾಜ್ಯದ ಎಲ್ಲ ರೇಷನ್ ಕಾರ್ಡುದಾರರಿಗೂ ತೆರೆದಿದೆ. ಹಳದಿ, ಕೇಸರಿ, ಬಿಳಿ ಎಂಬ ಭೇದ ಹೋಯಿತು. ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷವಿದ್ದ ಮಿತಿ ಐದು ಲಕ್ಷಕ್ಕೆ ಏರಿತು. 1356 ಬಗೆಯ ಚಿಕಿತ್ಸೆಗಳು ಪಟ್ಟಿಗೆ ಬಂದವು. ಲಾತೂರು ಜಿಲ್ಲೆ ದೇವಣಿ ತಾಲ್ಲೂಕಿನ ವಲಾಂಡಿಯಂಥ ಊರಿಗೆ ಇದು ಸಣ್ಣ ಸುದ್ದಿಯಲ್ಲ. ಸೋಯಾಬೀನು, ತೊಗರಿ ನಂಬಿದ ಮನೆಯಲ್ಲಿ ಒಬ್ಬರಿಗೆ ಹೃದಯದ ಆಪರೇಷನ್ ಎಂದರೆ ಎರಡು ಎಕರೆ ಹೊಲ ಹೋದಂತೆ. ಆ ಭಯವನ್ನು ಸರ್ಕಾರ ತನ್ನ ಹೆಗಲಿಗೆ ಹಾಕಿಕೊಂಡಿದೆ ಎಂದರೆ ಅದನ್ನು ಮನಸಾರೆ ಮೆಚ್ಚಬೇಕು, ನಾನು ಮೆಚ್ಚುತ್ತೇನೆ.

ಆದರೆ ಈ ಸೀಮೆಯಲ್ಲಿ ಕಾರ್ಡಿನ ಮಾತು ಬಂದಾಗ ಜನ ಮೊದಲು ಕೇಳುವುದು ಎಷ್ಟು ಲಕ್ಷ ಎಂದಲ್ಲ. ‘ಯಾವ ದವಾಖಾನಿಯಾಗ ನಡೀತದ?’ ಎಂದು ಕೇಳುತ್ತಾರೆ. ಈ ಅಂಕಣ ಆ ಪ್ರಶ್ನೆಯ ಬಗ್ಗೆ. ಕಳೆದ ಹದಿನೈದು ವರ್ಷಗಳಲ್ಲಿ ಮಹಾರಾಷ್ಟ್ರ, ಕರ್ನಾಟಕ ಎರಡೂ ರಾಜ್ಯಗಳು, ಕೇಂದ್ರವೂ ಸೇರಿ, ಯಾರಿಗೆ ಕಾರ್ಡು, ಎಷ್ಟು ರೂಪಾಯಿ ಎಂಬುದನ್ನು ಮತ್ತೆ ಮತ್ತೆ ದೊಡ್ಡದು ಮಾಡುತ್ತ ಬಂದಿವೆ. ಆ ಕಾರ್ಡು ಹಿಡಿದವರು ಆಸ್ಪತ್ರೆಯ ಬಾಗಿಲು ಮುಟ್ಟುವ ದಾರಿಯನ್ನು ಮಾತ್ರ ಅಷ್ಟೇ ಕಾಳಜಿಯಿಂದ ಕಟ್ಟಲಿಲ್ಲ. ಗಡಿಯ ಊರುಗಳಲ್ಲಿ ಈ ಕೊರತೆ ಬರಿಗಣ್ಣಿಗೇ ಕಾಣುತ್ತದೆ.

ಮೊದಲು ಊರಿನ ಇರುವಿಕೆ ತಿಳಿಯಬೇಕು. ಈ ಸೀಮೆಯ ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು 1956ರ ನವೆಂಬರ್ 1ರವರೆಗೂ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಮುಂಬೈ ರಾಜ್ಯಕ್ಕೆ, ಉಸ್ಮಾನಾಬಾದ್ ಜಿಲ್ಲೆಗೆ ಹೋದವು. 1982ರಲ್ಲಿ ಲಾತೂರು ಜಿಲ್ಲೆಯಾಯಿತು. ನಕಾಶೆ ಬದಲಾದರೂ ಹೆಣ್ಣು ಕೊಡುವುದು-ತರುವುದು, ದನದ ವ್ಯಾಪಾರ, ಜಾತ್ರೆ ಎಲ್ಲವೂ ಹಳೆಯ ಹಾದಿಯಲ್ಲೇ ನಡೆದಿವೆ. ಉದಗೀರದಿಂದ ಹೊರಟ ರೈಲು ಭಾಲ್ಕಿ, ಬೀದರ್, ಜಹೀರಾಬಾದ್ ದಾಟಿ ವಿಕಾರಾಬಾದಿನ ಕಡೆ ಹೋಗುತ್ತದೆ. ಕಾಯಿಲೆ ದೊಡ್ಡದಾದರೆ ಕೆಲವರು ಲಾತೂರಿನ ಕಡೆ, ಕೆಲವರು ಬೀದರಿನ ಕಡೆ, ಕೈಯಲ್ಲಿ ಕಾಸಿದ್ದವರು ಹೈದರಾಬಾದಿನ ಕಡೆ ಹೊರಡುತ್ತಾರೆ. ಪಕ್ಕದ ಉಮರ್ಗಾದವರಿಗೆ ಹೆದ್ದಾರಿ ಹಿಡಿದರೆ ಸೊಲ್ಲಾಪುರ, ಆಳಂದದ ಮೇಲೆ ಹೋದರೆ ಕಲಬುರಗಿ. ಯಾವ ಕಡೆ ಹೋಗಬೇಕು ಎಂಬುದನ್ನು ಬಸ್ಸು, ಅಲ್ಲಿರುವ ನೆಂಟರು, ಹಿಂದೆ ಗುಣವಾಗಿ ಬಂದವರ ಮಾತು ಇವೇ ತೀರ್ಮಾನಿಸುತ್ತವೆ. ರಾಜ್ಯದ ಗಡಿ ಆ ಲೆಕ್ಕದಲ್ಲಿ ಬರುವುದೇ ಇಲ್ಲ.

ಕಾರ್ಡಿನ ಲೆಕ್ಕ ಬೇರೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ಊರಿನಲ್ಲಿ ಎಲ್ಲವನ್ನೂ ‘ಆಯುಷ್ಮಾನ್ ಕಾರ್ಡು’ ಎಂದೇ ಕರೆಯುತ್ತಾರೆ, ಒಳಗೆ ಮಾತ್ರ ಎರಡು ಬೇರೆ ಬೇರೆ ಹಕ್ಕುಗಳಿವೆ.

ಒಂದು, ಕೇಂದ್ರದ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆ. 2018ರ ಸೆಪ್ಟೆಂಬರ್ 23ರಂದು ಶುರುವಾಯಿತು. 2011ರ ಸಾಮಾಜಿಕ-ಆರ್ಥಿಕ ಗಣತಿಯಲ್ಲಿ ಬಡವರೆಂದು ಗುರುತಿಸಿದ ಕುಟುಂಬಗಳಿಗೆ ಐದು ಲಕ್ಷ. ಖರ್ಚಿನಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಈ ಪಟ್ಟಿಯಲ್ಲಿದ್ದವರು ದೇಶದ ಯಾವ ರಾಜ್ಯದಲ್ಲಾದರೂ ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬಹುದು. 2024ರ ಅಕ್ಟೋಬರ್ 29ರಿಂದ 70 ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಇದು ಸಿಗುತ್ತಿದೆ.

ಇನ್ನೊಂದು, ರಾಜ್ಯದ್ದೇ ಆದ ಯೋಜನೆ. ಮಹಾರಾಷ್ಟ್ರದಲ್ಲಿ ಅದು 2012ರ ಜುಲೈಯಲ್ಲಿ ರಾಜೀವ್ ಗಾಂಧಿ ಜೀವನದಾಯಿ ಎಂಬ ಹೆಸರಿನಲ್ಲಿ ಎಂಟು ಜಿಲ್ಲೆಗಳಲ್ಲಿ ಶುರುವಾಗಿ 2013ರ ನವೆಂಬರ್‌ನಲ್ಲಿ ರಾಜ್ಯಕ್ಕೆಲ್ಲ ಹಬ್ಬಿತು. 2017ರಲ್ಲಿ ಫುಲೆಯವರ ಹೆಸರು ಪಡೆಯಿತು, 2020ರ ಏಪ್ರಿಲ್ 1ರಂದು ಕೇಂದ್ರದ ಯೋಜನೆಯೊಂದಿಗೆ ಜೋಡಣೆಯಾಯಿತು. ಹೊರಗೆ ನೋಡಲು ಎರಡೂ ಒಂದೇ. ಆದರೆ ಮಹಾರಾಷ್ಟ್ರದಲ್ಲಿ ಕೇಂದ್ರದ ಪಟ್ಟಿಯಲ್ಲಿದ್ದದ್ದು ಸುಮಾರು 83 ಲಕ್ಷ ಕುಟುಂಬ. ಉಳಿದ ಬಹುಪಾಲು ಮನೆಗಳು ರಾಜ್ಯದ ಹಕ್ಕಿನ ಮೇಲೆ ನಿಂತಿವೆ. ರಾಜ್ಯದ ಹಕ್ಕು ರಾಜ್ಯ ಒಪ್ಪಿಕೊಂಡ ಆಸ್ಪತ್ರೆಗಳಲ್ಲಷ್ಟೇ ನಡೆಯುತ್ತದೆ.

ಹಾಗಾಗಿ ವಲಾಂಡಿಯ ಒಂದೇ ಓಣಿಯ ಎರಡು ಮನೆಗಳನ್ನು ಊಹಿಸಿಕೊಳ್ಳಿ. ಒಂದು ಮನೆಯ ಹೆಸರು 2011ರ ಗಣತಿಯಲ್ಲಿ ಬಂದಿತ್ತು, ಇನ್ನೊಂದರದ್ದು ಬರಲಿಲ್ಲ. ಇಬ್ಬರ ಬಳಿಯೂ ಕಾರ್ಡಿದೆ, ಇಬ್ಬರಿಗೂ ಐದು ಲಕ್ಷ. ಮೊದಲಿನವರು ಬೀದರಿಗೋ ಕಲಬುರಗಿಗೋ ಹೋದರೆ ಕಾರ್ಡು ನಡೆದೀತು, ಎರಡನೆಯವರಿಗೆ ನಡೆಯದೆ ಹೋದೀತು. ಈ ವ್ಯತ್ಯಾಸ ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಲ್ಲ. ಆಸ್ಪತ್ರೆಯ ಕೌಂಟರಿನಲ್ಲಿ, ಸ್ಟ್ರೆಚರಿನ ಮೇಲೆ ರೋಗಿಯನ್ನು ಮಲಗಿಸಿದ ಮೇಲೆ ಗೊತ್ತಾಗುತ್ತದೆ.

ಈ ಸೀಮೆಗೆ 2024ಕ್ಕೂ ಮೊದಲೇ ಒಂದು ವಿಶೇಷ ಸವಲತ್ತು ಇತ್ತು ಎಂಬುದನ್ನು ಹೇಳಲೇಬೇಕು. ರೈತರ ಆತ್ಮಹತ್ಯೆ ಹೆಚ್ಚಾಗಿದ್ದ 14 ಜಿಲ್ಲೆಗಳಲ್ಲಿ ಬಿಳಿ ರೇಷನ್ ಕಾರ್ಡಿನ ರೈತರನ್ನೂ ಯೋಜನೆಗೆ ಸೇರಿಸಿದ್ದರು. ಲಾತೂರು, ಉಸ್ಮಾನಾಬಾದ್ ಎರಡೂ ಅದರಲ್ಲಿದ್ದವು. ಅದಕ್ಕೆ ಜಮೀನಿನ ಸಾತ್‌ಬಾರಾ ಉತಾರ ತೋರಿಸಬೇಕಿತ್ತು. ಹೊಲ ಅಪ್ಪನ ಹೆಸರಿನಲ್ಲಿ, ಅಪ್ಪ ತೀರಿಕೊಂಡು ಹತ್ತು ವರ್ಷ, ಅಣ್ಣತಮ್ಮಂದಿರ ಹಿಸ್ಸೆ ಆಗಿಲ್ಲ ಎನ್ನುವ ಮನೆಗಳು ಹಳ್ಳಿಯಲ್ಲಿ ಎಷ್ಟು ಎಂದು ತಲಾಠಿಯನ್ನು ಕೇಳಿದರೆ ಹೇಳಿಯಾರು. ಗೇಣಿಗೆ ಉಳುವವನ ಬಳಿ ಯಾವ ಉತಾರವೂ ಇಲ್ಲ. ರೈತನ ಸಂಕಟಕ್ಕೆಂದೇ ತಂದ ಸವಲತ್ತು ಜಮೀನಿನ ಕಾಗದವಿಲ್ಲದ ರೈತನನ್ನು ಹೊರಗೆ ನಿಲ್ಲಿಸಿತ್ತು. 2024ರ ಬದಲಾವಣೆಯಿಂದ ಆ ಕಾಗದದ ಕಾಟ ತಪ್ಪಿದೆ. ಈ ಸುಧಾರಣೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆಂದು ತೋರುವುದು ಐದು ಲಕ್ಷದ ಅಂಕಿಗಿಂತ ಇದೇ.

ಆದರೂ ರೇಷನ್ ಕಾರ್ಡಿನ ಮೇಲೆ ಎಲ್ಲವನ್ನೂ ನಿಲ್ಲಿಸಿದ್ದರಿಂದ ಗಡಿಯಲ್ಲಿ ಹೆಣ್ಣುಮಕ್ಕಳಿಗೆ ಒಂದು ತೊಡಕು ಉಳಿದಿದೆ. ಭಾಲ್ಕಿ, ಔರಾದ, ಬಸವಕಲ್ಯಾಣದ ಕಡೆಯಿಂದ ಈ ಕಡೆಯ ಊರುಗಳಿಗೆ ಸೊಸೆಯಾಗಿ ಬಂದವರು ಸಾಕಷ್ಟು ಮಂದಿ. ಆಧಾರಿನಲ್ಲಿ ಕರ್ನಾಟಕದ ವಿಳಾಸ, ತಂದೆಯ ಹೆಸರು. ರೇಷನ್ ಕಾರ್ಡಿನ ಹೆಸರು ಇನ್ನೂ ತವರಲ್ಲೇ. ಮೂತ್ರಪಿಂಡದ ಕಲ್ಲಿನ ನೋವಿಗೆ ಆಪರೇಷನ್ ಆಗಬೇಕೆಂದು ಮಾವ ಸೊಸೆಯನ್ನು ಕರೆದುಕೊಂಡು ಹೋಗುತ್ತಾನೆ. ಕಂಪ್ಯೂಟರಿನ ಮುಂದೆ ಕೂತ ಹುಡುಗ ಹೇಳುತ್ತಾನೆ: ‘ಕಾಕಾ, ಸೊಸಿ ಹೆಸರು ಇದರಾಗ ಇಲ್ರೀ. ತವರಿನ ಕಾರ್ಡಿನಾಗ ಹೆಸರು ಕಡಿಸಿ, ದಾಖಲಾ ತಗೊಂಡು ಬರ್ರಿ.’ ತವರಿನ ಕಾರ್ಡಿನಲ್ಲಿ ಹೆಸರು ಕಡಿಸಲು ಭಾಲ್ಕಿಗೆ ಹೋಗಬೇಕು. ಅಲ್ಲಿಯ ಕಾಗದ ಕನ್ನಡದಲ್ಲಿ. ಅದನ್ನು ಈ ಕಡೆ ತಹಸೀಲ ಕಚೇರಿಗೆ ತಂದರೆ ಓದಿ ಹೇಳುವವರು ಬೇಕು. ಮದುವೆಯ ನೋಂದಣಿ ಕೇಳುತ್ತಾರೆ, ಹೆಚ್ಚಿನ ಮದುವೆಗಳು ನೋಂದಣಿಯಾಗಿರುವುದಿಲ್ಲ. ಈ ಓಡಾಟದ ನಡುವೆ ಆ ಹೆಣ್ಣುಮಗಳು ಕರ್ನಾಟಕದ ಯೋಜನೆಯನ್ನೂ ಬಿಟ್ಟಳು, ಮಹಾರಾಷ್ಟ್ರದ್ದನ್ನೂ ಹಿಡಿಯಲಿಲ್ಲ. ನೋವು ತಡೆಯಲಾರದೆ ಮನೆಯವರು ಪತಸಂಸ್ಥೆಯಲ್ಲಿ ಬಂಗಾರ ಇಟ್ಟು ಖಾಸಗಿಯಲ್ಲಿ ಆಪರೇಷನ್ ಮಾಡಿಸುತ್ತಾರೆ. ಯಾರೂ ಮೋಸ ಮಾಡಲಿಲ್ಲ, ಲಂಚ ಕೇಳಲಿಲ್ಲ. ನಿಯಮ ನಿಯಮದಂತೆಯೇ ನಡೆದು ಮನೆ ಸಾಲಕ್ಕೆ ಬಿತ್ತು.

ಇನ್ನು ಆಸ್ಪತ್ರೆಯ ಒಳಗಿನ ಕ್ರಮ. ಯೋಜನೆಗೆ ಸೇರಿದ ಪ್ರತಿ ಆಸ್ಪತ್ರೆಯಲ್ಲೂ ಆರೋಗ್ಯಮಿತ್ರನ ಮೇಜು ಇರಬೇಕು. ರೋಗಿಯ ಗುರುತು ನೋಡಿ, ವೈದ್ಯರು ಕೊಟ್ಟ ರಿಪೋರ್ಟುಗಳನ್ನು ಕಂಪ್ಯೂಟರಿಗೆ ಏರಿಸಿ, ಮುಂಗಡ ಮಂಜೂರಾತಿ ಕೇಳುತ್ತಾರೆ. ದೂರದಲ್ಲಿ ಕೂತ ವೈದ್ಯರು ಅದನ್ನು ನೋಡಿ ಒಪ್ಪಿದ ಮೇಲೆ ಚಿಕಿತ್ಸೆ. ಪ್ರತಿ ಚಿಕಿತ್ಸೆಗೂ ಇಷ್ಟು ಎಂದು ಗೊತ್ತುಪಡಿಸಿದ ದರವಿದೆ. ಹಾಸಿಗೆ, ಔಷಧ, ಊಟ ಎಲ್ಲ ಆ ದರದಲ್ಲಿ ಸೇರಿದೆ. ಮಹಾರಾಷ್ಟ್ರದ ಯೋಜನೆಯಲ್ಲಿ ಬಿಡುಗಡೆಯಾದ ಮೇಲೆ ಹತ್ತು ದಿನದ ಮುಂದುವರಿದ ಉಪಚಾರವೂ ಸೇರಿದೆ. ನೂರಕ್ಕೂ ಹೆಚ್ಚು ಚಿಕಿತ್ಸೆಗಳನ್ನು ಸರ್ಕಾರಿ ಆಸ್ಪತ್ರೆಗಳಿಗೇ ಮೀಸಲಿಟ್ಟಿದ್ದಾರೆ, ಖಾಸಗಿಯವರು ಅವನ್ನು ಯೋಜನೆಯಡಿ ಮಾಡುವಂತಿಲ್ಲ.

ಈ ಕಟ್ಟುಪಾಡುಗಳು ಜನರಿಗೆ ಬೇಸರ ತರುತ್ತವೆ, ಆದರೆ ಸುಮ್ಮನೆ ಹುಟ್ಟಿದವಲ್ಲ. ಮರಾಠವಾಡದ್ದೇ ಉದಾಹರಣೆ ಸಾಕು. ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಣ್ಣುಮಕ್ಕಳ ಗರ್ಭಕೋಶ ತೆಗೆದ ಪ್ರಕರಣಗಳ ಬಗ್ಗೆ 2019ರಲ್ಲಿ ವಿಧಾನ ಪರಿಷತ್ತಿನ ನೀಲಂ ಗೋರ್ಹೆಯವರ ಸಮಿತಿ ಪರಿಶೀಲಿಸಿದಾಗ, ಸಮೀಕ್ಷೆ ಮಾಡಿದ 82,309 ಮಹಿಳೆಯರಲ್ಲಿ 13,861 ಮಂದಿಗೆ ಆ ಆಪರೇಷನ್ ಆಗಿತ್ತು. ಕಲಬುರಗಿ ಜಿಲ್ಲೆಯ ತಾಂಡಾಗಳಿಂದಲೂ 2015ರ ಹೊತ್ತಿಗೆ ಇಂಥವೇ ದೂರುಗಳು ಎದ್ದಿದ್ದವು. ಇವೆಲ್ಲ ವಿಮೆಯಿಂದಾದವು ಎಂದು ನಾನು ಹೇಳುತ್ತಿಲ್ಲ. ಬಹಳಷ್ಟು ಹೆಣ್ಣುಮಕ್ಕಳು ಕೈಯಿಂದಲೇ ದುಡ್ಡು ಕೊಟ್ಟಿದ್ದರು. ಆದರೆ ಆಪರೇಷನ್ನಿಗೆ ದುಡ್ಡು ಬರುತ್ತದೆ, ಮಾತ್ರೆ-ಸಲಹೆಗೆ ಬರುವುದಿಲ್ಲ ಎಂದಾದ ಕಡೆ ಕತ್ತರಿ ಬೇಗ ಹೊರಬರುತ್ತದೆ. ಅಂಥ ಕಡೆ ಮುಂಗಡ ಮಂಜೂರಾತಿ ಬೇಕೇ ಬೇಕು. ಕೇಂದ್ರ ಯೋಜನೆಯ ಮೇಲೆ ಮಹಾಲೇಖಪಾಲರು 2023ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯಲ್ಲಿ ಒಂದೇ ಮೊಬೈಲ್ ನಂಬರಿಗೆ ಸುಮಾರು ಏಳೂವರೆ ಲಕ್ಷ ಫಲಾನುಭವಿಗಳನ್ನು ಜೋಡಿಸಿದ್ದು ಬಯಲಾಯಿತು. ತಪಾಸಣೆ ಸಡಿಲವಾದರೆ ಏನಾಗುತ್ತದೆ ಎನ್ನುವುದಕ್ಕೆ ಇಷ್ಟು ಸಾಕು.

ಆಸ್ಪತ್ರೆಗಳಿಗೂ ಅವರದೇ ದೂರಿದೆ. ಗೊತ್ತುಪಡಿಸಿದ ದರ ಕಡಿಮೆ, ಹಣ ಬರುವುದು ತಡ ಎನ್ನುತ್ತಾರೆ. 2025ರ ಆಗಸ್ಟ್‌ನಲ್ಲಿ ಹರಿಯಾಣದ ನೂರಾರು ಖಾಸಗಿ ಆಸ್ಪತ್ರೆಗಳು ಬಾಕಿ ಹಣಕ್ಕಾಗಿ ಆಯುಷ್ಮಾನ್ ಸೇವೆಯನ್ನೇ ನಿಲ್ಲಿಸಿದವು. ದೊಡ್ಡ ನಗರದ ನೂರು ಹಾಸಿಗೆಯ ಆಸ್ಪತ್ರೆ ಆರು ತಿಂಗಳ ಬಾಕಿ ತಡೆದುಕೊಂಡೀತು. ತಾಲ್ಲೂಕು ಕೇಂದ್ರದಲ್ಲಿ ಗಂಡ-ಹೆಂಡತಿ ಇಬ್ಬರು ವೈದ್ಯರು ಸೇರಿ ನಡೆಸುವ ಇಪ್ಪತ್ತು ಹಾಸಿಗೆಯ ದವಾಖಾನೆ ತಡೆಯಲಾರದು. ಅದು ಯೋಜನೆಗೆ ಸೇರಲು ಹಿಂಜರಿಯುತ್ತದೆ, ಸೇರಿದರೂ ‘ಹಾಸಿಗಿ ಖಾಲಿ ಇಲ್ಲ’ ಎನ್ನುತ್ತದೆ. ಹಣ ತಡವಾದ ಹೊರೆ ಕೊನೆಗೆ ಬೀಳುವುದು ಲಾತೂರಿನವರೆಗೆ ಜೀಪು ಮಾಡಿಕೊಂಡು ಹೋಗುವ ರೋಗಿಯ ಮೇಲೆ. ಸಣ್ಣ ಊರಿನ ಆಸ್ಪತ್ರೆಗಳಿಗೆ ಮೊದಲು ಹಣ ಕೊಡುವ ನಿಯಮ ಮಾಡಿದರೆ ಅರ್ಧ ಸಮಸ್ಯೆ ಇಲ್ಲೇ ಬಗೆಹರಿಯುತ್ತದೆ ಎಂದು ನನ್ನ ನಂಬಿಕೆ.

ಹಣ ಯಾರ ಕೈಯಿಂದ ಹೋಗಬೇಕು ಎನ್ನುವುದೂ ಚರ್ಚೆಯಲ್ಲಿದೆ. ಕರ್ನಾಟಕ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಸರ್ಕಾರವೇ ನೇರವಾಗಿ ಆಸ್ಪತ್ರೆಗೆ ಹಣ ಕೊಡುವ ದಾರಿ ಹಿಡಿಯಿತು. ಮಹಾರಾಷ್ಟ್ರ ವಿಮಾ ಕಂಪನಿಗೆ ಕುಟುಂಬಕ್ಕಿಷ್ಟು ಎಂದು ಕಂತು ಕಟ್ಟಿತು. 2020ರ ಜೋಡಣೆಯಲ್ಲಿ ಒಂದೂವರೆ ಲಕ್ಷದವರೆಗೆ ಕಂಪನಿ, ಅದರ ಮೇಲೆ ಸರ್ಕಾರಿ ಸೊಸೈಟಿ ಎಂಬ ಮಿಶ್ರ ಪದ್ಧತಿ ಬಂತು. ಕಂಪನಿ ಇದ್ದರೆ ಬಿಗಿ ಹೆಚ್ಚು, ಆದರೆ ಕ್ಲೇಮು ತಿರಸ್ಕರಿಸಿದಷ್ಟೂ ಅದಕ್ಕೆ ಉಳಿತಾಯ. ಟ್ರಸ್ಟ್ ಇದ್ದರೆ ಉಳಿದ ಹಣ ಜನರದ್ದೇ, ಆದರೆ ಬಜೆಟ್ಟು ತಡವಾದಾಗ ಆಸ್ಪತ್ರೆಗಳ ಬಿಲ್ಲೂ ನಿಲ್ಲುತ್ತದೆ. ನನ್ನ ಒಲವು ಟ್ರಸ್ಟಿನ ಕಡೆ. ಬಡವರ ಕಾಯಿಲೆಯಲ್ಲಿ ಲಾಭದ ಲೆಕ್ಕ ಇಣುಕಬಾರದು.

ಈಗ ಗಡಿಯಾಚೆ ನೋಡೋಣ. ವಲಾಂಡಿಯ ನೆರೆಯ ಬೀದರ್ ಜಿಲ್ಲೆಯನ್ನೂ ಒಳಗೊಂಡು ಸರ್ಕಾರಿ ಆರೋಗ್ಯ ವಿಮೆಯ ಒಂದು ದೊಡ್ಡ ಪ್ರಯೋಗ ನಡೆದಿತ್ತು, ಅದರ ಫಲಿತಾಂಶ ಜಗತ್ತಿನ ವೈದ್ಯಲೋಕ ಓದಿತು. 2010ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ವಾಜಪೇಯಿ ಆರೋಗ್ಯಶ್ರೀಯನ್ನು ಮೊದಲು ಶುರು ಮಾಡಿದ್ದು ಕಲಬುರಗಿ ವಿಭಾಗದಲ್ಲಿ. ಹೃದಯ, ಕ್ಯಾನ್ಸರ್, ನರ, ಮೂತ್ರಪಿಂಡ ಇಂಥ ದೊಡ್ಡ ಕಾಯಿಲೆಗಳಿಗೆ ಬಿಪಿಎಲ್ ಕುಟುಂಬಗಳಿಗೆ ಉಚಿತ ಚಿಕಿತ್ಸೆ. ಯೋಜನೆ ಬಂದ 300 ಹಳ್ಳಿಗಳನ್ನೂ, ಇನ್ನೂ ಬಾರದ 272 ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಗೆ ಸೇರಿದ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವಿನ ಪ್ರಮಾಣ ಯೋಜನೆಯಿಲ್ಲದ ಹಳ್ಳಿಗಳಲ್ಲಿ ಶೇ 0.90 ಇದ್ದರೆ, ಇದ್ದ ಹಳ್ಳಿಗಳಲ್ಲಿ ಶೇ 0.32. ಆಸ್ಪತ್ರೆ ಸೇರಿದಾಗ ಕೈಯಿಂದ ಹೋಗುವ ಖರ್ಚೂ ಮೂರನೇ ಒಂದರಷ್ಟು ಇಳಿದಿತ್ತು.

ಅಷ್ಟು ಪರಿಣಾಮ ಹೇಗೆ ಬಂತು? ಮುಂಚಿತವಾಗಿ ಹೆಸರು ಬರೆಸುವ ಕೆಲಸವಿರಲಿಲ್ಲ, ಬಿಪಿಎಲ್ ಕಾರ್ಡು ಇದ್ದರೆ ಸಾಕಿತ್ತು. ಅದಕ್ಕಿಂತ ಮುಖ್ಯವಾಗಿ, ಆಸ್ಪತ್ರೆಗಳು ಹಳ್ಳಿಗಾಡಿನಲ್ಲಿ ಶಿಬಿರ ನಡೆಸಿ ರೋಗಿಗಳನ್ನು ಹುಡುಕಿದವು. ‘ಎದಿ ಹಿಡಿದಂಗಾಗ್ತದ’ ಎಂದು ಮನೆಯಲ್ಲೇ ಕೂತಿದ್ದವರನ್ನು ಪರೀಕ್ಷಿಸಿ ಊರಿನಿಂದ ಕರೆದುಕೊಂಡು ಹೋದರು. ಕಾಯಿಲೆ ಬಂದವರು ಆಸ್ಪತ್ರೆ ಹುಡುಕಲಿ ಎಂದು ಬಿಡದೆ ಆಸ್ಪತ್ರೆಯೇ ಕಾಯಿಲೆಯನ್ನು ಹುಡುಕಿಕೊಂಡು ಬಂತು. ಆ ಬಳಿಕದ ದೊಡ್ಡ ದೊಡ್ಡ ಯೋಜನೆಗಳಲ್ಲಿ ಮೊತ್ತ ಹೆಚ್ಚಿತು, ಈ ಹುಡುಕಾಟ ಹಿಂದೆ ಬಿತ್ತು. 2018ರ ಮಾರ್ಚ್‌ನಲ್ಲಿ ಕರ್ನಾಟಕ ತನ್ನ ಹಲವು ಯೋಜನೆಗಳನ್ನು ಒಗ್ಗೂಡಿಸಿ ಆರೋಗ್ಯ ಕರ್ನಾಟಕ ತಂದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅದು ಆಯುಷ್ಮಾನ್ ಭಾರತದೊಂದಿಗೆ ಸೇರಿತು. ಬಿಪಿಎಲ್‌ಗೆ ಐದು ಲಕ್ಷ, ಎಪಿಎಲ್‌ಗೆ ಚಿಕಿತ್ಸಾ ದರದ ಶೇ 30, ಅದೂ ಒಂದೂವರೆ ಲಕ್ಷದ ಮಿತಿಯೊಳಗೆ. ತುರ್ತು ಬಿಟ್ಟು ಉಳಿದುದಕ್ಕೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಚೀಟಿ ತರಬೇಕು. ಆ ಚೀಟಿಗಾಗಿ ಜಿಲ್ಲಾಸ್ಪತ್ರೆಯಲ್ಲಿ ಕಾದು ಕೂತವರ ಸಿಟ್ಟು ಉತ್ತರ ಕರ್ನಾಟಕದ ಯಾವ ಊರಿನಲ್ಲಾದರೂ ಕೇಳಸಿಗುತ್ತದೆ. ರೈತರೇ ವರ್ಷಕ್ಕೆ 60 ರೂಪಾಯಿ ಕಟ್ಟುವಂತೆ 2003ರಲ್ಲಿ ಶುರುವಾಗಿದ್ದ ಸಹಕಾರಿ ಆರೋಗ್ಯ ಯೋಜನೆ ಯಶಸ್ವಿನಿಯನ್ನು ಆ ಒಗ್ಗೂಡಿಸುವಿಕೆಯಲ್ಲಿ ಮುಚ್ಚಿದರು. ಸಹಕಾರಿ ಸಂಘಗಳ ಸದಸ್ಯರು ಬಿಡದೆ ಕೇಳಿದ ಮೇಲೆ 2023ರ ಜನವರಿಯಲ್ಲಿ ಅದು ಮತ್ತೆ ಬಂತು. ಜನ ತಮ್ಮದೆಂದು ಭಾವಿಸಿದ ಯೋಜನೆಯನ್ನು ಅವರನ್ನು ಕೇಳದೆ ಮುಚ್ಚಬಾರದು ಎಂದು ಆ ಐದು ವರ್ಷ ತೋರಿಸಿಕೊಟ್ಟಿವೆ.

2023ರಲ್ಲಿಯೇ ಗಡಿಯ ವಿಚಾರ ಬೇರೆ ರೀತಿ ಬಿಸಿಯಾಯಿತು. ಕರ್ನಾಟಕದಲ್ಲಿರುವ, ಮಹಾರಾಷ್ಟ್ರ ತನ್ನದೆಂದು ಕೇಳುತ್ತ ಬಂದಿರುವ 865 ಊರುಗಳಿಗೆ ಫುಲೆ ಯೋಜನೆಯನ್ನು ವಿಸ್ತರಿಸುವ ನಿರ್ಧಾರವನ್ನು ಮಹಾರಾಷ್ಟ್ರ ಸರ್ಕಾರ ಮಾಡಿತು. ಬೆಳಗಾವಿ, ಕಾರವಾರ, ಕಲಬುರಗಿ, ಬೀದರಿನ ಕಡೆಯ ಊರುಗಳು ಅವು. ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ ಕಟುವಾಗಿ ವಿರೋಧಿಸಿದರು. ಇನ್ನೊಂದು ರಾಜ್ಯದ ನೆಲದಲ್ಲಿ ತನ್ನ ಯೋಜನೆ ನಡೆಸುವುದು ಒಕ್ಕೂಟ ವ್ಯವಸ್ಥೆಗೆ ಧಕ್ಕೆ ಎಂಬುದು ಕರ್ನಾಟಕದ ವಾದ. ಆ ವಾದದಲ್ಲಿ ಹುರುಳಿದೆ. ಚಿಕಿತ್ಸೆಯನ್ನು ನೆಲದ ಮೇಲಿನ ಹಕ್ಕು ಸಾಧನೆಗೆ ಬಳಸುವುದು ಸರಿಯಲ್ಲ. ಅದೇ ವರ್ಷದ ಜೂನ್‌ನಲ್ಲಿ ಮಹಾರಾಷ್ಟ್ರ ಸಂಪುಟ ಗಡಿಭಾಗದ ತನ್ನ ಎಂಟು ಜಿಲ್ಲೆಗಳಲ್ಲಿ 140 ಮತ್ತು ಕರ್ನಾಟಕದ ನಾಲ್ಕು ಜಿಲ್ಲೆಗಳಲ್ಲಿ 10 ಆಸ್ಪತ್ರೆಗಳನ್ನು ಯೋಜನೆಗೆ ಸೇರಿಸುವ ತೀರ್ಮಾನವನ್ನೂ ಮಾಡಿತು.

ನನಗೆ ನೋವಾಗುವುದು ಇಲ್ಲಿ. ಆ ಇಡೀ ಗಲಾಟೆಯಲ್ಲಿ ವಲಾಂಡಿ, ಔರಾದ ಶಹಾಜಾನಿ, ಕಾಸಾರಶಿರಸಿ, ಮುರುಮದಂಥ ಊರುಗಳ ಕನ್ನಡದ ಮನೆಗಳ ಬಗ್ಗೆ ಯಾರೂ ಮಾತಾಡಲಿಲ್ಲ. ಬೆಂಗಳೂರು ತನ್ನ ನೆಲದ ಬಗ್ಗೆ ಯೋಚಿಸಿತು, ಮುಂಬೈ ತನ್ನ ಭಾಷೆಯವರ ಬಗ್ಗೆ ಯೋಚಿಸಿತು. ಮಹಾರಾಷ್ಟ್ರದ ಮತದಾರರಾಗಿ, ಮನೆಯಲ್ಲಿ ಕನ್ನಡವಾಡುತ್ತ, ಬೀದರಿನ ರೈಲು ಹತ್ತುವ ಜನರು ಕೇಳುವುದು ಯಾರ ನೆಲ ಎಂದಲ್ಲ. ಇಲ್ಲಿಯ ಮರಾಠಿ ಮನೆಗಳದ್ದೂ ಅದೇ ಸ್ಥಿತಿ, ಅವರೂ ಅದೇ ರೈಲು ಹತ್ತುತ್ತಾರೆ. ಬೇಕಾದದ್ದು ಇಷ್ಟೇ: ಗಡಿಯ ಎರಡೂ ಬದಿಯ ತಾಲ್ಲೂಕುಗಳಲ್ಲಿ ಎರಡೂ ರಾಜ್ಯದ ಕಾರ್ಡುಗಳನ್ನು ಎರಡೂ ಬದಿಯ ಸರ್ಕಾರಿ ಆಸ್ಪತ್ರೆಗಳು ಒಪ್ಪಬೇಕು. ಬೀದರಿನ ವೈದ್ಯಕೀಯ ವಿಜ್ಞಾನ ಸಂಸ್ಥೆ, ಕಲಬುರಗಿಯ ಜಯದೇವ ಹೃದ್ರೋಗ ಸಂಸ್ಥೆ, ಲಾತೂರಿನ ವಿಲಾಸರಾವ್ ದೇಶಮುಖ್ ಸರ್ಕಾರಿ ವೈದ್ಯಕೀಯ ಕಾಲೇಜು, ಸೊಲ್ಲಾಪುರದ ಸರ್ಕಾರಿ ಆಸ್ಪತ್ರೆ. ಈ ನಾಲ್ಕರ ನಡುವೆ ಒಪ್ಪಂದವಾದರೂ ಲಕ್ಷಾಂತರ ಜನಕ್ಕೆ ದಾರಿ ಹತ್ತಿರವಾಗುತ್ತದೆ. ಖರ್ಚನ್ನು ವರ್ಷದ ಕೊನೆಗೆ ಎರಡು ಸರ್ಕಾರಗಳು ಲೆಕ್ಕ ಹಾಕಿಕೊಳ್ಳಲಿ.

ಆಗದ ಮಾತೇನೂ ಅಲ್ಲ. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ ಕೊನೆಯಲ್ಲಿ, ಕರ್ನಾಟಕ ಕೇರಳದ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಸಿಕ್ಕಿಬಿದ್ದರು, ಕೆಲವರು ದಾರಿ ಸಿಗದೆ ತೀರಿಕೊಂಡರು. ಕನ್ನಡಿಗರೂ ಮಲಯಾಳಿಗರೂ ತುಳುವರೂ ಇರುವ ಜಿಲ್ಲೆ ಅದು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಆದೇಶ ಕೊಟ್ಟಿತು, ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್ 7ರ ಹೊತ್ತಿಗೆ ತುರ್ತು ರೋಗಿಗಳನ್ನು ಬಿಡುವ ಕ್ರಮಕ್ಕೆ ಒಪ್ಪಿಗೆಯಾಯಿತು. ಎರಡು ರಾಜ್ಯಗಳು ಹಟ ಹಿಡಿದಿದ್ದ ವಿಷಯ ಎರಡು ವಾರದಲ್ಲಿ ಬಗೆಹರಿಯಿತು. ಬೀದರ್-ಲಾತೂರಿನ ನಡುವೆ ಅಂಥ ಹಟವೂ ಇಲ್ಲ, ಇರುವುದು ಅಲಕ್ಷ್ಯ.

ಇದಿಷ್ಟು ಆಸ್ಪತ್ರೆ ಸೇರುವವರ ಕಥೆ. ಆದರೆ ಮನೆಯ ಹಣ ಸೋರಿಹೋಗುವುದು ಹೆಚ್ಚಾಗಿ ಆಸ್ಪತ್ರೆ ಸೇರದ ಕಾಯಿಲೆಗಳಲ್ಲಿ. ಬಿಪಿ, ಸಕ್ಕರೆ ಕಾಯಿಲೆ, ಮೂರ್ಛೆ, ಮೊಣಕಾಲು ನೋವು, ಮಕ್ಕಳ ಜ್ವರ. ತಿಂಗಳ ಮಾತ್ರೆ, ರಕ್ತ ಪರೀಕ್ಷೆ, ಡಾಕ್ಟರ ಫೀಸು. ಇವು ಯಾವುದನ್ನೂ ಕಾರ್ಡು ನೋಡಿಕೊಳ್ಳುವುದಿಲ್ಲ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ದೇಶದ ಆರೋಗ್ಯ ವೆಚ್ಚದಲ್ಲಿ ಜನ ಕೈಯಿಂದ ಕೊಡುವ ಪಾಲು 2013-14ರಲ್ಲಿ ಶೇ 64.2 ಇದ್ದದ್ದು 2021-22ಕ್ಕೆ ಶೇ 39.4ಕ್ಕೆ ಇಳಿದಿದೆ. ಇಳಿದದ್ದು ಸಂತೋಷ. ಆದರೂ ನೂರರಲ್ಲಿ 39 ರೂಪಾಯಿ ಇನ್ನೂ ಜೇಬಿನದ್ದೇ. ಸರ್ಕಾರಗಳ ಆರೋಗ್ಯ ವೆಚ್ಚ ಅದೇ ವರ್ಷ ದೇಶದ ಉತ್ಪನ್ನದ ಶೇ 1.84. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ಕ್ಕೆ ಶೇ 2.5 ಮುಟ್ಟುವ ಮಾತು ಕೊಟ್ಟಿತ್ತು.

ಡಯಾಲಿಸಿಸ್ ರೋಗಿಯನ್ನೇ ನೋಡಿ. ಯೋಜನೆ ಯಂತ್ರದ ಖರ್ಚು ಕೊಡುತ್ತದೆ. ವಾರಕ್ಕೆ ಎರಡು ಸಲ ಎಂದರೂ ವರ್ಷಕ್ಕೆ 104 ಸಲ ಹಳ್ಳಿಯಿಂದ ಉದಗೀರಕ್ಕೋ ಲಾತೂರಿಗೋ ಹೋಗಿ ಬರಬೇಕು. ಜತೆಗೆ ಒಬ್ಬರು ಬೇಕು, ಅವರ ಆ ದಿನದ ಕೂಲಿ ಹೋಯಿತು. ನಾಲ್ಕು ತಾಸು ಯಂತ್ರದ ಪಕ್ಕ ಮಲಗಿ ಎದ್ದವರಿಗೆ ಬಸ್ಸಿನಲ್ಲಿ ನಿಂತು ಬರಲಾಗುವುದಿಲ್ಲ, ಆಟೋ ಮಾಡಬೇಕು. ಕೊನೆಗೆ ವಾರಕ್ಕೆ ಎರಡರ ಬದಲು ಒಂದೇ ಸಲ ಹೋಗತೊಡಗುತ್ತಾರೆ. ಕಾರ್ಡಿನಲ್ಲಿ ಐದು ಲಕ್ಷ ಹಾಗೇ ಉಳಿದಿರುತ್ತದೆ, ಮನುಷ್ಯ ಕುಸಿಯುತ್ತಾನೆ. ತಾಲ್ಲೂಕಿಗೊಂದು ಡಯಾಲಿಸಿಸ್ ಕೇಂದ್ರ, ಅಲ್ಲಿಗೆ ಹೋಗಿಬರುವ ಬಸ್ ಪಾಸು ಇವೆರಡು ಬಂದರೆ ಆ ಮನುಷ್ಯನಿಗೆ ಐದು ಲಕ್ಷ ನಿಜವಾಗುತ್ತದೆ.

ಥಾಯ್ಲೆಂಡ್ 2002ರಲ್ಲಿ ಎಲ್ಲರಿಗೂ ಆರೋಗ್ಯ ರಕ್ಷಣೆ ತಂದಾಗ ಮೊದಲು ಹಿಡಿದದ್ದು ಜಿಲ್ಲೆಯೊಳಗಿನ ಸಣ್ಣ ಆಸ್ಪತ್ರೆಗಳನ್ನು. ಜನರ ತೆರಿಗೆಯಿಂದ ತಲೆಗಿಷ್ಟು ಎಂದು ಅವಕ್ಕೆ ಹಣ ಕೊಟ್ಟು, ಹೊರರೋಗಿ ಚಿಕಿತ್ಸೆ, ಮಾತ್ರೆ, ಆಪರೇಷನ್ ಎಲ್ಲವನ್ನೂ ಒಂದೇ ಹಕ್ಕಿನಲ್ಲಿ ಸೇರಿಸಿತು. ನಮ್ಮಲ್ಲೂ ಆ ಕಡೆ ಒಂದು ಹೆಜ್ಜೆ ಬಿದ್ದಿದೆ. 2023ರ ಆಗಸ್ಟ್ 15ರಿಂದ ಮಹಾರಾಷ್ಟ್ರದ ಸಾರ್ವಜನಿಕ ಆರೋಗ್ಯ ಇಲಾಖೆಯ ಆಸ್ಪತ್ರೆಗಳಲ್ಲಿ ಕೇಸ್ ಪೇಪರಿನಿಂದ ಹಿಡಿದು ಎಲ್ಲವೂ ಉಚಿತ. ವೈದ್ಯಕೀಯ ಕಾಲೇಜು ಆಸ್ಪತ್ರೆಗಳನ್ನು ಅದರಲ್ಲಿ ಸೇರಿಸಲಿಲ್ಲ. ಹಳ್ಳಿಯ ಪ್ರಾಥಮಿಕ ಕೇಂದ್ರದಿಂದ ತಾಲ್ಲೂಕಿನ ಗ್ರಾಮೀಣ ಆಸ್ಪತ್ರೆಯವರೆಗೆ ಚೀಟಿ, ರಕ್ತ ಪರೀಕ್ಷೆ, ಮಾತ್ರೆ ಎಲ್ಲ ಪುಕ್ಕಟೆ ಎಂದು ಆಶಾ ತಾಯಂದಿರು ಮನೆಮನೆಗೂ ಹೇಳಬೇಕು. ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪದೆ ಸಿಕ್ಕ ಮನೆಯಲ್ಲಿ ಹತ್ತು ವರ್ಷದ ಮೇಲೆ ಡಯಾಲಿಸಿಸ್ ಬೇಕಾಗುವ ಸಾಧ್ಯತೆ ಕಡಿಮೆ. ಹಣವನ್ನು ಮೊದಲು ಅಲ್ಲಿ ಹಾಕಿದರೆ ವಿಮೆಯ ಹೊರೆಯೂ ಇಳಿಯುತ್ತದೆ. ಗ್ರಾಮೀಣ ಆಸ್ಪತ್ರೆಯಲ್ಲಿ ತಜ್ಞ ವೈದ್ಯರ ಹುದ್ದೆ ಖಾಲಿ ಬಿಟ್ಟು ಚಿಕಿತ್ಸೆಯ ಪಟ್ಟಿಯನ್ನು ಎಷ್ಟು ಉದ್ದ ಮಾಡಿದರೂ ಗಡಿಯ ರೋಗಿಗೆ ಅದು ದೂರದ ಪಟ್ಟಣದ ಪಟ್ಟಿಯೇ.

ಭಾಷೆಯ ಮಾತನ್ನೂ ಒಂದು ಸಾಲಿನಲ್ಲಿ ಹೇಳಿಬಿಡುತ್ತೇನೆ. ಇಲ್ಲಿಯ ಕನ್ನಡದ ಹಿರಿಯರಿಗೆ ಮರಾಠಿ ಮಾತಾಡಲು ಬರುತ್ತದೆ, ಓದಲು ಬರುವುದು ಕಡಿಮೆ. ಆಪರೇಷನ್ನಿಗೆ ಮುನ್ನ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಕಾಗದವನ್ನು ಅವರ ಮಾತಿನಲ್ಲಿ ಓದಿ ಹೇಳುವುದು ಆರೋಗ್ಯಮಿತ್ರನ ಕೆಲಸಗಳಲ್ಲಿ ಒಂದಾಗಬೇಕು. ಉದಗೀರ, ನಿಲಂಗಾ, ಉಮರ್ಗಾದಲ್ಲಿ ಕನ್ನಡ ಬಲ್ಲ ಹುಡುಗರಿಗೇನೂ ಕೊರತೆಯಿಲ್ಲ.

ಎರಡೂ ಸರ್ಕಾರಗಳು ಒಪ್ಪಂದ ಮಾಡಿಕೊಳ್ಳುವವರೆಗೆ ಮನೆಯಲ್ಲಿ ಮಾಡಬಹುದಾದ ಕೆಲಸವಿದೆ, ಓದುಗರು ದಯವಿಟ್ಟು ಇದೇ ವಾರ ಮಾಡಿ. ಮನೆಯ ರೇಷನ್ ಕಾರ್ಡು ತೆಗೆದು ಪ್ರತಿಯೊಬ್ಬರ ಹೆಸರನ್ನೂ ಆಧಾರಿನ ಹೆಸರಿಗೆ ಹೋಲಿಸಿ ನೋಡಿ. ಸೊಸೆಯ ಹೆಸರು, ಹೊಸ ಮಗುವಿನ ಹೆಸರು ಸೇರಿಸಿಲ್ಲದಿದ್ದರೆ ಕಾಯಿಲೆ ಬರುವ ಮುಂಚೆ ಸೇರಿಸಿ. 70 ದಾಟಿದ ಅಪ್ಪ-ಅವ್ವನಿಗೆ ಕೇಂದ್ರದ ಕಾರ್ಡು ಮಾಡಿಸಿ, ಅದು ಗಡಿಯಾಚೆಯೂ ನಡೆಯುತ್ತದೆ. ನಿಮ್ಮದು ಕೇಂದ್ರದ ಹಕ್ಕೋ ರಾಜ್ಯದ್ದೋ, ಹತ್ತಿರದ ಯಾವ ಆಸ್ಪತ್ರೆಯಲ್ಲಿ ಯಾವ ಚಿಕಿತ್ಸೆಗೆ ನಡೆಯುತ್ತದೆ ಎಂದು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಕೇಂದ್ರದ ಯೋಜನೆಗೆ 14555, ಮಹಾರಾಷ್ಟ್ರದ ಯೋಜನೆಗೆ 155388 ಉಚಿತ ಕರೆಯ ನಂಬರುಗಳು. ಯೋಜನೆಯಡಿ ದಾಖಲಾದ ಮೇಲೆ ಆಸ್ಪತ್ರೆ ಹಣ ಕೇಳಿದರೆ ರಸೀದಿ ಕೇಳಿ ಪಡೆಯಿರಿ, ಆ ರಸೀದಿ ಹಿಡಿದು ದೂರು ಕೊಡಿ.

ಮತ್ತೆ ಮತ ಕೇಳಲು ಬರುವವರನ್ನು, ಗಡಿಯ ಈ ಬದಿಯಾಗಲಿ ಆ ಬದಿಯಾಗಲಿ, ಒಂದು ಮಾತು ಕೇಳಿ: ನಮ್ಮ ಕಾರ್ಡು ಬೀದರಿನಲ್ಲಿ ಯಾವತ್ತಿನಿಂದ ನಡೆಯುತ್ತದೆ?